ಮಡಚುವ ಪೆಟ್ಟಿಗೆ, ಮರಳುವ ಪೆಟ್ಟಿಗೆ

ಬಳ್ಳಾರಿಗೆ ಆ ಹೆಸರು ಬಂದ ಬಗೆಯನ್ನು ಕುರಿತು ಹೇಳುವ ಐತಿಹ್ಯಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ವರ್ತಕರ ಕಥೆ. ದೇಶಸಂಚಾರ ಮಾಡುತ್ತಿದ್ದ ಶೈವ ವ್ಯಾಪಾರಿಗಳು ಕೆಲವರು ಒಂದು ಇರುಳು ಇಲ್ಲಿ ಬೀಡುಬಿಟ್ಟರೆಂದೂ, ಪೂಜಿಸಲು ಸಮೀಪದಲ್ಲೆಲ್ಲಿಯೂ ಲಿಂಗ ಕಾಣದೆ ಹೋದಾಗ ತಾವು ಧಾನ್ಯವನ್ನು ಅಳೆಯುತ್ತಿದ್ದ ಬಳ್ಳವನ್ನೇ ಬೋರಲಿಟ್ಟು, ಅದನ್ನೇ ಲಿಂಗವೆಂದು ಭಾವಿಸಿ ಅರ್ಚಿಸಿದರೆಂದೂ, ಆ ಬಳ್ಳದಿಂದಲೇ ಊರಿಗೆ ಬಳ್ಳಾರಿಯೆಂಬ ಹೆಸರಾಯಿತೆಂದೂ ಹೇಳುವರು. ಕಥೆಯ ಸತ್ಯಾಸತ್ಯತೆಯನ್ನು ಇತಿಹಾಸಜ್ಞರಿಗೆ ಬಿಡೋಣ. ನನ್ನ ಮನಸ್ಸನ್ನು ಹಿಡಿದಿರುವುದು ಅದರೊಳಗಿನ ಒಂದು ಚಿಕ್ಕ ಸಂಗತಿ: ಅವರು ಪೂಜಿಸಿದ್ದು ತುಂಬಿದ ಪಾತ್ರೆಯನ್ನಲ್ಲ, ಬರಿದಾದ ಪಾತ್ರೆಯನ್ನು. ತುಂಬಿದ ಕೊಡಕ್ಕೂ ತುಂಬಿದ ಚೀಲಕ್ಕೂ ಲೋಕವು ಸಹಜವಾಗಿಯೇ ಮರ್ಯಾದೆ ಕೊಡುತ್ತದೆ. ಸರಕನ್ನು ಸುರಿದ ಮೇಲೆ ಉಳಿಯುವ ಪಾತ್ರೆಯ ಗತಿಯೇನೆಂದು ಯೋಚಿಸುವವರು ವಿರಳ. ಈ ಲೇಖನದ ವಸ್ತು ಆ ಯೋಚನೆಯೇ. ತುಂಬಿದಾಗ ಒಂದರ ಮೇಲೊಂದು ಭದ್ರವಾಗಿ ನಿಲ್ಲಬಲ್ಲ, ಬರಿದಾದಾಗ ಮಡಚಿಕೊಂಡು ಹಲಗೆಯಂತಾಗಬಲ್ಲ ಪೆಟ್ಟಿಗೆಯ ರಚನೆಯನ್ನು ಕುರಿತು ಲೋಕವು ಇದುವರೆಗೆ ಏನನ್ನು ಕಲಿತಿದೆ, ಅದರಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ರೈತನಿಗೂ ವರ್ತಕನಿಗೂ ಹಮಾಲನಿಗೂ ದಕ್ಕುವುದೆಷ್ಟು ಎಂಬುದನ್ನು ಇಲ್ಲಿ ಸಮೀಕ್ಷಿಸಲು ಯತ್ನಿಸುತ್ತೇನೆ.

ಹಳೆಯ ಉತ್ತರಗಳು

ಸರಕನ್ನು ಹೊರುವ ಯಾವ ಪಾತ್ರೆಯಿಂದಲೂ ನಾವು ಮೂರು ಗುಣಗಳನ್ನು ಬಯಸುತ್ತೇವೆ. ಒಳಗಿನ ವಸ್ತುವನ್ನು ಅದು ಜಜ್ಜಿಹೋಗದಂತೆ ಕಾಪಾಡಬೇಕು. ತುಂಬಿದಾಗ ಒಂದರ ಮೇಲೊಂದನ್ನು ಪೇರಿಸಲು ಬರಬೇಕು. ಬರಿದಾದಾಗ ಆದಷ್ಟು ಕಡಿಮೆ ಸ್ಥಳದಲ್ಲಿ ಅಡಗಬೇಕು. ನಮ್ಮ ಹಿರಿಯರಿಗೆ ಈ ಮೂರೂ ಗೊತ್ತಿದ್ದುವು. ಆದರೆ ಮೂರೂ ಒಂದೇ ಪಾತ್ರೆಯಲ್ಲಿ ಕೂಡಿಬಂದಿರಲಿಲ್ಲ.

ಹಳೆಯ ಮನೆಗಳ ಅಡಕಲನ್ನು ನೆನೆಯಿರಿ. ಕೆಳಗೆ ದೊಡ್ಡ ಗುಡಾಣ, ಅದರ ಬಾಯಮೇಲೆ ಅದಕ್ಕಿಂತ ಕಿರಿದು, ಅದರ ಮೇಲೆ ಮತ್ತೂ ಕಿರಿದು, ಹೀಗೆ ಅಟ್ಟದವರೆಗೆ ಏರಿದ ಗಡಿಗೆಗಳ ಗೋಪುರವೇ ಅಡಕಲು. ಪೇರಿಕೆಯ ವಿದ್ಯೆ ಅಲ್ಲಿ ಪೂರ್ಣವಾಗಿದೆ. ಆದರೆ ತುಂಬಿದ್ದರೂ ಬರಿದಾಗಿದ್ದರೂ ಅದು ಹಿಡಿಯುವ ಜಾಗ ಒಂದೇ. ಗೋಣಿಚೀಲದ ಸ್ವಭಾವ ಇದಕ್ಕೆ ತದ್ವಿರುದ್ಧ. ಧಾನ್ಯವನ್ನು ಸುರಿದೊಡನೆ ಅದು ಬಟ್ಟೆಯಾಗಿಬಿಡುತ್ತದೆ. ಹತ್ತಾರು ಚೀಲಗಳನ್ನು ಕಟ್ಟಿ ಒಬ್ಬನೇ ಹೊತ್ತು ನಡೆಯಬಹುದು. ಎತ್ತುಗಳ ಬೆನ್ನಿನ ಮೇಲೆ ಹೇರು ಹೇರಿಕೊಂಡು ದವಸವನ್ನೂ ಉಪ್ಪನ್ನೂ ಊರಿಂದೂರಿಗೆ ಸಾಗಿಸುತ್ತಿದ್ದ ಲಂಬಾಣಿಗಳ ವ್ಯಾಪಾರ ನಡೆದುದು ಚೀಲದ ಈ ಗುಣದ ಬಲದಿಂದಲೇ. ಮಡಚುವ ಪಾತ್ರೆಗಳಲ್ಲಿ ಚೀಲವೇ ಆದ್ಯ. ಆದರೆ ಅದು ಒಳಗಿನ ವಸ್ತುವನ್ನು ಕಾಪಾಡುವುದಿಲ್ಲ. ಒಳಗಿನ ವಸ್ತುವೇ ಚೀಲವನ್ನು ಎತ್ತಿ ನಿಲ್ಲಿಸಬೇಕು. ಭತ್ತಕ್ಕೆ ಆ ಶಕ್ತಿಯುಂಟು, ಟೊಮೆಟೊ ಹಣ್ಣಿಗೆ ಇಲ್ಲ.

ಮೂರನೆಯದು ಮೇದಾರರ ಬುಟ್ಟಿ. ಬಾಯಿ ಅಗಲವಾಗಿ ತಳ ಕಿರಿದಾಗಿರುವುದರಿಂದ ಬರಿಯ ಬುಟ್ಟಿಗಳು ಒಂದರೊಳಗೊಂದು ಕುಳಿತುಕೊಳ್ಳುತ್ತವೆ. ಹತ್ತು ಬುಟ್ಟಿಗಳು ಕೆಲವೇ ಬುಟ್ಟಿಗಳ ಎತ್ತರದಲ್ಲಿ ಅಡಗುತ್ತವೆ. ಆದರೆ ಯಾವ ಇಳಿಜಾರಿನ ಬಲದಿಂದ ಅವು ಬರಿದಾದಾಗ ಒಂದರೊಳಗೊಂದು ಸೇರುವುವೋ, ಅದೇ ಇಳಿಜಾರು ತುಂಬಿದಾಗ ಶತ್ರುವಾಗುತ್ತದೆ: ಮೇಲಿನ ಬುಟ್ಟಿ ಕೆಳಗಿನ ಹಣ್ಣಿನ ಮೇಲೆಯೇ ಕುಳಿತು ಅದನ್ನು ಹಿಸುಕುತ್ತದೆ. ಅಡಕಲು ಪೇರುತ್ತದೆ, ಅಡಗುವುದಿಲ್ಲ. ಬುಟ್ಟಿ ಅಡಗುತ್ತದೆ, ಪೇರುವುದಿಲ್ಲ. ಚೀಲವು ಮಡಚುತ್ತದೆ, ಕಾಪಾಡುವುದಿಲ್ಲ. ಮಡಚುವ ಪೆಟ್ಟಿಗೆಯೆಂಬುದು ಈ ಮೂವರ ಸದ್ಗುಣಗಳನ್ನೂ ಒಂದೆಡೆ ಕೂಡಿಸುವ ಪ್ರಯತ್ನವೇ ಹೊರತು ಆಕಾಶದಿಂದ ಇಳಿದ ನೂತನ ವಸ್ತುವಲ್ಲ.

ಕೀಲು ಮತ್ತು ಕಂಬ

ಈಗ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೋಡೋಣ. ತಳವೊಂದು, ಗೋಡೆಗಳು ನಾಲ್ಕು. ಗೋಡೆಗಳು ಬುಡದಲ್ಲಿ ಕೀಲುಗಳಿಂದ ತಳಕ್ಕೆ ಸೇರಿವೆ. ಮೂಲೆಗಳಲ್ಲಿ ಒಂದರ ನಾಲಿಗೆ ಇನ್ನೊಂದರ ತೋಡಿನೊಳಗೆ ಹೊಕ್ಕು ಕೊಂಡಿಯಿಂದ ಬಿಗಿದುಕೊಂಡಿದೆ. ಕಿರಿಯ ಗೋಡೆಯ ಕೊಂಡಿಯನ್ನು ಬೆರಳಿನಿಂದ ಒತ್ತಿದರೆ ಅದು ಒಳಕ್ಕೆ ಬಾಗಿ ತಳದ ಮೇಲೆ ಮಲಗುತ್ತದೆ. ಎದುರಿನ ಕಿರುಗೋಡೆಯೂ ಹಾಗೆಯೇ. ಬಳಿಕ ಉದ್ದದ ಗೋಡೆಗಳೆರಡೂ ಅವುಗಳ ಮೇಲೆ ಮಲಗುತ್ತವೆ. ನಾಲ್ಕು ಚಲನೆಗಳಲ್ಲಿ ಪೆಟ್ಟಿಗೆಯು ಹಲಗೆಯಾಯಿತು. ಕೀಲಿನ ವಿಷಯ ನಮಗೆ ಹೊಸತಲ್ಲ. ಗ್ರಂಥವನ್ನಿಡುವ ವ್ಯಾಸಪೀಠವನ್ನು ಕಂಡವರಿಗೆ ಇದು ಗೊತ್ತು: ಒಂದೇ ಹಲಗೆಯನ್ನು ಸೀಳಿ, ಮೊಳೆಯಿಲ್ಲದೆ, ಹಲ್ಲಿಗೆ ಹಲ್ಲು ಕೂಡಿಸಿ ಬಡಗಿಯು ಮಾಡಿದ ಆ ಕೀಲು ತೆರೆದಾಗ ಪೀಠ, ಮುಚ್ಚಿದಾಗ ಹಲಗೆ.

ಆದರೆ ವ್ಯಾಸಪೀಠವು ಹೊರುವುದು ಒಂದು ಗ್ರಂಥವನ್ನು. ಪೆಟ್ಟಿಗೆಯು ಹೊರಬೇಕಾದುದು ತನ್ನ ಮೇಲಿನ ಏಳು ಪೆಟ್ಟಿಗೆಗಳನ್ನು. ಒಂದೊಂದರಲ್ಲಿ 20 ಕಿಲೊ ಸರಕೆಂದೂ, ಪೆಟ್ಟಿಗೆಯ ಸ್ವಂತ ತೂಕ 2 ಕಿಲೊ ಎಂದೂ ಇಟ್ಟುಕೊಂಡರೆ, ಎಂಟರ ಪೇರಿಕೆಯಲ್ಲಿ ಅತ್ಯಂತ ಕೆಳಗಿನದರ ಮೇಲೆ ಬೀಳುವ ಭಾರ 154 ಕಿಲೊ. ನಾಲ್ಕು ಮೂಲೆಗಳಿಗೆ ಹಂಚಿದರೆ ಮೂಲೆಗೆ 38 ಕಿಲೊಗೂ ಮಿಕ್ಕು. ಇದು ನಿಂತ ಲಾರಿಯ ಲೆಕ್ಕ. ಗುಂಡಿಬಿದ್ದ ರಸ್ತೆಯಲ್ಲಿ ಲಾರಿ ಎಗರಿದಾಗ ಇದೇ ಭಾರ ಕ್ಷಣಮಾತ್ರಕ್ಕೆ ಹಲವು ಪಟ್ಟಾಗುವುದು. ಈ ಭಾರವೆಲ್ಲ ಕೀಲಿನ ಕಡ್ಡಿಯ ಮೇಲೆ ಬೀಳುವಂತೆ ರಚಿಸಿದ ಪೆಟ್ಟಿಗೆ ಒಂದು ಸುಗ್ಗಿಯನ್ನೂ ಕಾಣಲಾರದು. ಆದುದರಿಂದ ಈ ರಚನೆಯ ಮೊದಲ ಸೂತ್ರವೆಂದರೆ, ಭಾರವು ಕೀಲನ್ನು ತಪ್ಪಿಸಿ, ಗೋಡೆಯ ಭುಜದಿಂದ ನೇರವಾಗಿ ತಳದ ಅಂಚಿಗೆ ಇಳಿಯಬೇಕು. ಕೀಲು ಕೇವಲ ತಿರುಗುವುದಕ್ಕೆ ಇರಬೇಕು. ಕುರುಗೋಡಿನ ಹಳೆಯ ಗುಡಿಗಳ ಮಂಟಪಗಳಲ್ಲಿ ಇದೇ ಸೂತ್ರವನ್ನು ಕಲ್ಲಿನಲ್ಲಿ ಕಾಣಬಹುದು: ಮೇಲಿನ ತೊಲೆಯ ಭಾರ ಬೋದಿಗೆಗೆ, ಬೋದಿಗೆಯದು ಕಂಬಕ್ಕೆ, ಕಂಬದ್ದು ನೆಲಕ್ಕೆ, ನಡುವೆ ಎಲ್ಲಿಯೂ ಭಾರವು ದಾರಿ ತಪ್ಪುವುದಿಲ್ಲ.

ಇದರಿಂದ ಹೊರಡುವ ಒಂದು ಪಾಠ ನಮ್ಮ ಹಮಾಲರಿಗೆ ಮೊದಮೊದಲು ವಿಚಿತ್ರವಾಗಿ ತೋರೀತು. ಚೀಲಗಳನ್ನು ಒಟ್ಟುವಾಗ ಅವರು ಇಟ್ಟಿಗೆ ಕಟ್ಟಿದಂತೆ ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ ಇಡುತ್ತಾರೆ. ನಿಟ್ಟು ಕುಸಿಯದಿರಲು ಅದೇ ಸರಿ. ಪೆಟ್ಟಿಗೆಗಳಿಗೆ ಆ ಕ್ರಮ ಸಲ್ಲದು. ಪೆಟ್ಟಿಗೆಯ ಬಲವೆಲ್ಲ ಮೂಲೆಯಲ್ಲಿರುವುದರಿಂದ ಮೂಲೆಯ ಮೇಲೆ ಮೂಲೆ ಬರಬೇಕು. ಅಡ್ಡ ಇಟ್ಟರೆ ಮೇಲಿನ ಮೂಲೆ ಕೆಳಗಿನ ಗೋಡೆಯ ನಡುಭಾಗದ ಮೇಲೆ ಕುಳಿತು ಅದನ್ನು ಬಾಗಿಸುತ್ತದೆ. ಪೇರಿಕೆಯು ಜಾರದಿರುವಂತೆ ಮೇಲಿನ ಪೆಟ್ಟಿಗೆಯ ತಳದ ಏಣು ಕೆಳಗಿನದರ ಬಾಯಂಚಿನೊಳಗೆ ಕೂರುವ ಏರ್ಪಾಡು ಇರತಕ್ಕದ್ದು. ಮಡಚಿಟ್ಟಾಗಲೂ ಅದೇ ಏಣು ಅದೇ ಅಂಚಿನಲ್ಲಿ ಕೂರಬೇಕು. ಇಲ್ಲವಾದರೆ ಬರಿಯ ಪೆಟ್ಟಿಗೆಗಳ ರಾಶಿ ಮೊದಲ ತಿರುವಿನಲ್ಲಿಯೇ ರಸ್ತೆಗೆ ಉರುಳೀತು.

ಇನ್ನು ಎತ್ತರದ ಲೆಕ್ಕ. ಈ ವಿದ್ಯೆಯಲ್ಲಿ ಅತ್ಯಂತ ಸ್ವಾರಸ್ಯವಾದ ಭಾಗ ಇದು. ತಳವು 600 ಮಿಲಿಮೀಟರು ಉದ್ದ, 400 ಮಿಲಿಮೀಟರು ಅಗಲವಿದೆ ಎನ್ನೋಣ. ಉದ್ದದ ಗೋಡೆಗಳೆರಡು ಒಳಕ್ಕೆ ಬಾಗಿ 400ರ ಅಗಲವನ್ನು ಹಂಚಿಕೊಳ್ಳಬೇಕು. ಆದುದರಿಂದ ಗೋಡೆಯ ಎತ್ತರ 200ನ್ನು ಮೀರದಿದ್ದರೆ ಎರಡೂ ಅಕ್ಕಪಕ್ಕ ಮಲಗುತ್ತವೆ, ಮೀರಿದರೆ ಒಂದರ ಮೇಲೊಂದು ಏರುತ್ತವೆ. ತಳದ ದಪ್ಪ 20, ಗೋಡೆಯ ದಪ್ಪ 15 ಎಂದಿಟ್ಟುಕೊಂಡರೆ, 200ರ ಪೆಟ್ಟಿಗೆ ಮಡಚಿದಾಗ ತಳವೊಂದು, ಗೋಡೆಯ ಪದರ ಎರಡು, ಒಟ್ಟು 50. ಎಂದರೆ ನಾಲ್ಕನೆಯ ಒಂದು ಪಾಲು. 240ರ ಪೆಟ್ಟಿಗೆಗೆ ಪದರ ಮೂರಾಗಿ 65. 120 ಎತ್ತರದ ತಗ್ಗು ಪೆಟ್ಟಿಗೆಗೂ ಅದೇ 50 ತಪ್ಪದು, ಅಲ್ಲಿ ಉಳಿತಾಯ ಅರ್ಧವನ್ನು ಸ್ವಲ್ಪ ದಾಟುವುದಷ್ಟೆ. ಪೆಟ್ಟಿಗೆ ತಗ್ಗಾದಷ್ಟೂ ಮಡಚುವುದರ ಫಲ ಕಡಿಮೆ. ಎರಡೇ ಪದರಗಳಲ್ಲಿ ಮಡಚಬೇಕಾದರೆ ತಳದ ಅಗಲದ ಅರ್ಧವೇ ಗೋಡೆಗೆ ಉತ್ತಮವಾದ ಎತ್ತರವೆಂಬ ಈ ಚಿಕ್ಕ ಸೂತ್ರವನ್ನು ಮುಂದೆ ಅಂಜೂರದ ಪ್ರಸಂಗದಲ್ಲಿ ನೆನೆಯಬೇಕಾಗುವುದು.

ಲೋಕದ ಅನುಭವ

ಪೆಟ್ಟಿಗೆಯ ಅಳತೆಯು ಖಾಸಗಿ ವಿಷಯವಲ್ಲ, ಸಮುದಾಯದ ವಿಷಯವೆಂಬುದನ್ನು ಲೋಕವು ಕಳೆದ ಶತಮಾನದಲ್ಲಿ ಕಲಿತುಕೊಂಡಿತು. 1956ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಸಾರಿಗೆಯ ಉದ್ಯಮಿಯು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಲೋಹದ ಪೆಟ್ಟಿಗೆಗಳನ್ನು ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಸಾಗಿಸಿದುದು ಇಂದಿನ ಕಂಟೇನರು ಯುಗದ ಆರಂಭವೆಂದು ಎಣಿಸಲಾಗುತ್ತದೆ. 1961ರಲ್ಲಿ ಯುರೋಪಿನ ರೈಲ್ವೆಗಳು 1200ಕ್ಕೆ 800 ಮಿಲಿಮೀಟರಿನ ಮರದ ಅಟ್ಟಣೆಯನ್ನು, ಎಂದರೆ ಪ್ಯಾಲೆಟ್ಟನ್ನು, ಎಲ್ಲರಿಗೂ ಸಮಾನವೆಂದು ಒಪ್ಪಿಕೊಂಡುವು. ಅದರ ಮೇಲೆ ಸಂದಿಲ್ಲದೆ ನಾಲ್ಕು ಪೆಟ್ಟಿಗೆ ಕೂರುವ ಅಳತೆಯೇ 600ಕ್ಕೆ 400. ನಮ್ಮಲ್ಲಿ ರೂಢಿಯಲ್ಲಿರುವ 1200ಕ್ಕೆ 1000ದ ಅಟ್ಟಣೆಯ ಮೇಲೆ ಅವೇ ಐದು ಕೂರುತ್ತವೆ.

ಎರಡನೆಯ ಪಾಠ ಒಡೆತನವನ್ನು ಕುರಿತದ್ದು. 1992ರಲ್ಲಿ ಜರ್ಮನಿಯಲ್ಲಿ ಸ್ಥಾಪಿತವಾದ ಇಫ್ಕೊ ಎಂಬ ಸಂಸ್ಥೆಯು ಮಡಚುವ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟಿತು. ತೋಟದವನು ಅದನ್ನು ಪಡೆದು ಹಣ್ಣು ತುಂಬುತ್ತಾನೆ. ಅಂಗಡಿಯವನು ಬರಿದು ಮಾಡಿ ಮಡಚಿಡುತ್ತಾನೆ. ಸಂಸ್ಥೆಯು ಕೂಡಿಸಿ, ತೊಳೆದು, ಮುರಿದುದನ್ನು ತೆಗೆದು, ಮತ್ತೊಬ್ಬ ತೋಟದವನಿಗೆ ಕೊಡುತ್ತದೆ. ಪೆಟ್ಟಿಗೆಯು ಹೊರಟಲ್ಲಿಗೇ ಮರಳಬೇಕೆಂಬ ನಿರ್ಬಂಧ ಅಲ್ಲಿಲ್ಲ, ಬೇಕಾದಲ್ಲಿಗೆ ಮರಳಿದರಾಯಿತು. ಆ ಪೆಟ್ಟಿಗೆಯ ಕೀಲಿಗಿಂತ ಈ ಏರ್ಪಾಡೇ ಹೆಚ್ಚಿನ ಆವಿಷ್ಕಾರವೆಂದು ನನ್ನ ಭಾವನೆ.

ಮೂರನೆಯದು ಎಚ್ಚರಿಕೆಯ ಪಾಠ. ಹಡಗಿನ ದೊಡ್ಡ ಕಂಟೇನರನ್ನೂ ಮಡಚಬಹುದೆಂದು ಹಾಲೆಂಡಿನವರು ಮಾಡಿ ತೋರಿಸಿದ್ದಾರೆ. ಮಡಚಿದ ನಾಲ್ಕು ಸೇರಿ ಒಂದರ ಜಾಗದಲ್ಲಿ ಅಡಗುತ್ತವೆ. ಆದರೂ ಲೋಕದ ಬಂದರುಗಳಲ್ಲಿ ಇಂದಿಗೂ ತುಂಬಿರುವುದು ಮಡಚಲಾರದ ಪೆಟ್ಟಿಗೆಗಳೇ. ಕೀಲಿಗೆ ಬೆಲೆಯುಂಟು, ಮಡಚುವ ಕೈಗೆ ಕೂಲಿಯುಂಟು, ಕೀಲಿರುವಲ್ಲಿ ದುರಸ್ತಿಯೂ ಉಂಟು. ಉಳಿತಾಯವು ಈ ಮೂರನ್ನೂ ಮೀರಿದಲ್ಲಿ ಮಾತ್ರ ಮಡಚುವುದು ಜಾಣತನ.

ನಾಲ್ಕನೆಯದು ನಮ್ಮ ದೇಶದ್ದೇ. ಸೇಬಿನ ನಾಡಾದ ಹಿಮಾಚಲ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆಯ ಅಳತೆ ಬಿಗಿಯಾಗಿಲ್ಲದುದರಿಂದ ಒಂದು ಪೆಟ್ಟಿಗೆಯ ಹೆಸರಿನಲ್ಲಿ ಮಿತಿಮೀರಿ ಹಣ್ಣು ತುಂಬಿಸಿಕೊಳ್ಳುವ ಪದ್ಧತಿ ಬೆಳೆದು ಬೆಳೆಗಾರನಿಗೆ ಸತತವಾಗಿ ನಷ್ಟವಾಗುತ್ತಿತ್ತು. 2024ರ ಹಂಗಾಮಿನಿಂದ ಅಲ್ಲಿನ ಸರಕಾರ ಏಕರೂಪದ ಪೆಟ್ಟಿಗೆಯನ್ನು ಕಡ್ಡಾಯ ಮಾಡಿತು. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ 15 ಕಿಲೊ ಬಾಕ್ಸೇ ಹರಾಜಿನ ಅಳತೆಯಾಗಿರುವುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಒಂದು ಕಾಲಕ್ಕೆ ಬಳ್ಳವೂ ಕೊಳಗವೂ ಇದ್ದ ಸ್ಥಾನದಲ್ಲಿ ಇಂದು ಪೆಟ್ಟಿಗೆ ಕುಳಿತಿದೆ. ಅಳತೆಯ ಪಾತ್ರೆಯು ಯಾರ ಕೈಯಲ್ಲಿದೆಯೋ ವ್ಯಾಪಾರದ ನ್ಯಾಯವೂ ಅವರ ಕೈಯಲ್ಲಿರುತ್ತದೆ. ಆದುದರಿಂದ ಪೆಟ್ಟಿಗೆಯ ಗಾತ್ರವನ್ನು ನಿರ್ಣಯಿಸುವಾಗ ರೈತನ ಮಾತೂ ಅಲ್ಲಿ ಇರಬೇಕು.

ನಮ್ಮ ಮೂರು ಊರುಗಳ ಸರಕು

ಈ ಪಾಠಗಳನ್ನು ಹೊತ್ತು ನಮ್ಮ ನಾಡಿಗೆ ಬರೋಣ. ತುಂಗಭದ್ರೆಯ ಕಾಲುವೆ ನೀರನ್ನುಂಡ ಸಿರುಗುಪ್ಪದ ಗದ್ದೆಗಳಲ್ಲಿ ಮುಖ್ಯವಾದುದು ಭತ್ತ. ಇಲ್ಲಿ ಭತ್ತದ ಧಾರಣೆಯನ್ನು ಹೇಳುವುದೇ 75 ಕಿಲೊ ಚೀಲದ ಲೆಕ್ಕದಲ್ಲಿ. ಭತ್ತಕ್ಕೆ ಪೆಟ್ಟಿಗೆ ಬೇಡ. ಚೀಲವೇ ಅದಕ್ಕೆ ಪರಮ ಪಾತ್ರೆ. ಆದರೆ ಆ ಚೀಲವನ್ನು ಹೊರುವ ಬೆನ್ನಿನ ಮಾತನ್ನು ಹೇಳದೆ ಮುಂದುವರಿಯಲಾರೆ. ಒಬ್ಬ ವಯಸ್ಕ ಗಂಡಾಳು ಹೊರಬಹುದಾದ ಗರಿಷ್ಠ ಭಾರ 55 ಕಿಲೊ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿಯೇ ಶಿಫಾರಸು ಮಾಡಿತು. ನಮ್ಮ ಹಮಾಲನು ಅದಕ್ಕಿಂತ 20 ಕಿಲೊ ಹೆಚ್ಚು ಹೊತ್ತು, ಹಲಗೆಯ ಮೇಲೆ ನಡೆದು, ಲಾರಿಯನ್ನೇರುತ್ತಾನೆ. ಪೆಟ್ಟಿಗೆಯ ಯುಗವು ಬೇರೆ ಏನನ್ನೂ ತಾರದಿದ್ದರೂ, ಒಬ್ಬನು ಎರಡು ಕೈಗಳಲ್ಲಿ ಹಿಡಿದೆತ್ತಬಹುದಾದ ತೂಕವೆಷ್ಟೆಂಬ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ತಂದರೆ ಸಾರ್ಥಕ.

ಎರಡನೆಯದು ಮೆಣಸಿನಕಾಯಿ. ಸಿರುಗುಪ್ಪ, ಕುರುಗೋಡುಗಳ ಎರೆನೆಲದಲ್ಲಿ ಬೆಳೆದು, ಕಣದಲ್ಲಿ ಒಣಗಿ, ಮಾಣಿಕ್ಯದ ರಾಶಿಯಂತೆ ಹರಡಿದ ಒಣಮೆಣಸಿನಕಾಯಿಯ ಬಹುಭಾಗ ಇನ್ನೂರು ಕಿಲೊಮೀಟರಿಗೂ ಮಿಕ್ಕ ದಾರಿ ನಡೆದು ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ತೂಕ ಕಡಿಮೆ. ಅದನ್ನು ಚೀಲದಲ್ಲಿ ತುಳಿದು ತುಂಬುತ್ತಾರೆ. ಪೆಟ್ಟಿಗೆಯಲ್ಲಿಟ್ಟರೆ ಲಾರಿಯು ಗಾಳಿಯನ್ನು ಹೊತ್ತಂತಾದೀತು. ಇಲ್ಲಿಯೂ ಚೀಲದ್ದೇ ಜಯ.

ಮೂರನೆಯದು ಹಾಲು. ಬಳ್ಳಾರಿಯ ಬೀದಿಗಳಲ್ಲಿ ನಸುಕಿನಲ್ಲಿ ನಡೆದವರು ರಾಬಕೊವಿ ಹಾಲು ಒಕ್ಕೂಟದ ನಂದಿನಿ ಕ್ರೇಟುಗಳು ಅಂಗಡಿಗಳ ಮುಂದೆ ಪೇರಿಸಿರುವುದನ್ನು ಕಂಡಿರುತ್ತಾರೆ. ಅವು ಗಟ್ಟಿಯಾಗಿವೆ, ಪೇರುತ್ತವೆ, ಮಡಚುವುದಿಲ್ಲ. ಅದು ಕೊರತೆಯಲ್ಲ, ವಿವೇಕ. ಹಾಲು ತಂದ ವಾಹನವು ನಾಳೆಯ ಹಾಲಿಗಾಗಿ ಹೇಗೂ ಬರಿದಾಗಿಯೇ ಡೇರಿಗೆ ಮರಳಬೇಕು. ಕ್ರೇಟು ಮಡಚಿದರೂ ಮಡಚದಿದ್ದರೂ ಬಾಡಿಗೆ ಒಂದೇ. ದಿನವೂ ನೂರಾರು ಕ್ರೇಟುಗಳನ್ನು ಬಿಚ್ಚಿ ಮಡಚುವ ಶ್ರಮ ಮಾತ್ರ ವ್ಯರ್ಥ. ಮರಳುವ ವಾಹನಕ್ಕೆ ಬೇರೆ ಸರಕು ಸಿಕ್ಕುವಂತಿದ್ದರೆ, ಅಥವಾ ಬರಿಯ ಪೆಟ್ಟಿಗೆಗೆಂದೇ ಬಾಡಿಗೆ ತೆರಬೇಕಾಗಿದ್ದರೆ, ಅಥವಾ ಪೆಟ್ಟಿಗೆಯು ತಿಂಗಳುಗಟ್ಟಲೆ ಮನೆಯ ಮೂಲೆಯಲ್ಲಿ ಕಾದಿರಬೇಕಾಗಿದ್ದರೆ ಮಾತ್ರ ಮಡಚುವ ಗುಣಕ್ಕೆ ಬೆಲೆಯುಂಟು. ಈ ಮೂರು ಪ್ರಶ್ನೆಗಳನ್ನು ಕೇಳದೆ ಕೊಂಡ ಮಡಚುವ ಪೆಟ್ಟಿಗೆ ಅಲಂಕಾರವೇ ಸರಿ. ಬಳ್ಳಾರಿಗೆ ಹೆಸರು ತಂದಿರುವ ಜೀನ್ಸ್ ಉಡುಪಿನ ಕಸುಬಿನ ಮಾತನ್ನೂ ಇಲ್ಲಿಯೇ ಮುಗಿಸಬಹುದು: ಬಟ್ಟೆ ಜಜ್ಜಿಹೋಗುವ ವಸ್ತುವಲ್ಲ, ಗಂಟಾಗಿ ಸಾಗಿದರೂ ಅದಕ್ಕೆ ಬಾಧಕವಿಲ್ಲ.

ಹಾಗಾದರೆ ಈ ಪೆಟ್ಟಿಗೆಗೆ ನಮ್ಮಲ್ಲಿ ಸ್ಥಾನವೇ ಇಲ್ಲವೆ? ಉಂಟು, ಆ ಸ್ಥಾನದ ಹೆಸರು ಅಂಜೂರ.

ಅಂಜೂರದ ಪೆಟ್ಟಿಗೆ

ಬಳ್ಳಾರಿಯ ಹೆಸರನ್ನೇ ಹೊತ್ತ ಅಂಜೂರದ ತಳಿಯೊಂದಿದೆ. ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಲ್ಲಿ ಈ ಜಿಲ್ಲೆಗೆ ನಿಗದಿಯಾಗಿರುವ ಬೆಳೆಯೂ ಅದೇ. ಅಂಜೂರವನ್ನು ಹತ್ತಿರದಿಂದ ಕಂಡವರಿಗೆ ಅದು ಎಂಥ ಸುಕುಮಾರ ಹಣ್ಣೆಂಬುದು ಗೊತ್ತು. ಬಾಳೆಯಂತೆ, ಮಾವಿನಂತೆ ಕಾಯಾಗಿ ಕಿತ್ತು ಹಣ್ಣುಮಾಡುವಂತಿಲ್ಲ, ಗಿಡದಲ್ಲಿಯೇ ಮಾಗಬೇಕು. ಮಾಗಿದ ಮೇಲೆ ಎರಡು ಮೂರು ದಿನಕ್ಕೆ ಮಿಕ್ಕು ನಿಲ್ಲದು. ತೊಟ್ಟನ್ನು ಮುರಿದಲ್ಲಿ ಹಾಲು ಒಸರಿ ಬೆರಳನ್ನು ಸುಡುತ್ತದೆ. ಸಿಪ್ಪೆ ಎಷ್ಟು ತೆಳುವೆಂದರೆ, ಪೂರ್ತಿ ಮಾಗಿದ ಹಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೂ ಒತ್ತಿದ ಕುರುಹು ಹಾಗೆಯೇ ಉಳಿದು, ಕೆಲ ಹೊತ್ತಿನಲ್ಲಿ ಕಪ್ಪಾಗಿ, ಮರುದಿನ ಅಲ್ಲಿಂದಲೇ ಕೊಳೆಯಲಾರಂಭಿಸುತ್ತದೆ. ಬುಟ್ಟಿಯ ತಳದಲ್ಲಿ ಎಲೆ ಹಾಸಿ, ಒಂದು ಪದರ ಹಣ್ಣು, ಮೇಲೆ ಮತ್ತೆ ಎಲೆ, ಮತ್ತೊಂದು ಪದರ ಎಂದು ಜೋಡಿಸುವ ಹಳೆಯ ಪದ್ಧತಿ ಈ ಸ್ವಭಾವವನ್ನು ಅರಿತೇ ಹುಟ್ಟಿದ್ದು. ಮೂರನೆಯ ಪದರ ಏರಿತೋ, ಮೊದಲನೆಯದು ರಸವಾಯಿತು.

ಇಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ. ಅಂಜೂರಕ್ಕೆ ಬೇಕಾದುದು ತಗ್ಗಾದ ಪೆಟ್ಟಿಗೆ. ತಗ್ಗು ಪೆಟ್ಟಿಗೆಯನ್ನು ಮಡಚಿದರೆ ಲಾಭ ಕಡಿಮೆಯೆಂಬುದನ್ನು ಆಗಲೇ ಕಂಡೆವು. ಹಣ್ಣಿನ ಹಿತವೂ ಬಾಡಿಗೆಯ ಹಿತವೂ ಎದುರುಬದುರಾದಾಗ ರಚನಕಾರನು ಒಂದನ್ನು ಬಲಿಕೊಡಬೇಕೆ? ಹಾಗೇನೂ ಇಲ್ಲವೆಂದು ನನ್ನ ಎಣಿಕೆ. ಪೆಟ್ಟಿಗೆಯ ಎತ್ತರವನ್ನು 200 ಮಿಲಿಮೀಟರಿಗೇ ಇಟ್ಟು, ಗೋಡೆಯ ಒಳಮೈಯಲ್ಲಿ ನಡುಮಟ್ಟಕ್ಕೆ ಒಂದು ಸಣ್ಣ ಅಂಚನ್ನು ಎಬ್ಬಿಸಿ, ಆ ಅಂಚಿನ ಮೇಲೆ ರಂಧ್ರಗಳುಳ್ಳ ತೆಳುವಾದ ನಡುಹಲಗೆಯೊಂದನ್ನು ಕೂರಿಸಿದರೆ, ಒಂದೇ ಪೆಟ್ಟಿಗೆಯಲ್ಲಿ ಎರಡು ಅಂತಸ್ತು ದೊರೆಯುವುದು. ಮೇಲಿನ ಹಣ್ಣಿನ ಭಾರ ಕೆಳಗಿನ ಹಣ್ಣಿಗೆ ತಾಗದು. ಬರಿದಾದಾಗ ನಡುಹಲಗೆಯು ತಳದ ಮೇಲೆ ಮಲಗುತ್ತದೆ, ಗೋಡೆಗಳು ಅದರ ಮೇಲೆ. ನಡುಹಲಗೆಯನ್ನು ತೆಗೆದಿಟ್ಟರೆ ಅದೇ ಪೆಟ್ಟಿಗೆ ಟೊಮೆಟೊಗೂ ದಾಳಿಂಬೆಗೂ ಹಸಿಮೆಣಸಿನಕಾಯಿಗೂ ಒದಗೀತು. ಅಂಜೂರದ ಹಂಗಾಮು ಮುಗಿದ ಮೇಲೆ ಪೆಟ್ಟಿಗೆ ಸುಮ್ಮನೆ ಕೂರದು. ಕೂರಬೇಕಾಗಿ ಬಂದರೂ ಮಡಚಿಕೊಂಡು ಮಂಚದ ಕೆಳಗೆ ಕೂತೀತು. ಎರಡು ಕೋಣೆಯ ಮನೆಯಲ್ಲಿ ಬಾಳುವ ಸಣ್ಣ ರೈತನಿಗೆ ಇದು ಸಣ್ಣ ಅನುಕೂಲವಲ್ಲ.

ಮರುಪಯಣದ ಪ್ರಶ್ನೆಯೂ ಇಲ್ಲಿ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಅಂಜೂರವು ಲಾರಿಗಟ್ಟಲೆ ಹೋಗುವ ಸರಕಲ್ಲ. ಹತ್ತಿಪ್ಪತ್ತು ಪೆಟ್ಟಿಗೆಗಳಂತೆ ದೂರದ ನಗರಗಳಿಗೆ ಹೋಗತಕ್ಕದ್ದು. ಸರಕಾರಿ ಬಸ್ಸುಗಳಲ್ಲಿ ಪಾರ್ಸೆಲ್ ಒಯ್ಯುವ ‘ನಮ್ಮ ಕಾರ್ಗೊ’ ಸೇವೆ 2021ರಿಂದ ಬಳಕೆಯಲ್ಲಿದೆ. ತುಂಬಿ ಹೋದ ಇಪ್ಪತ್ತು ಪೆಟ್ಟಿಗೆಗಳು ಹೆಚ್ಚುಕಡಿಮೆ ಐದರ ಸ್ಥಳದಲ್ಲಿ ಅಡಗಿ ಅದೇ ಬಸ್ಸಿನ ಹೊಟ್ಟೆಯಲ್ಲಿ ಮರಳುವಂತಾದರೆ, ನಾಲ್ಕು ಪೆಟ್ಟಿಗೆಯ ಬಾಡಿಗೆ ಒಂದಕ್ಕಿಳಿಯಬೇಕೆಂದು ಕೇಳಲು ರೈತನಿಗೆ ನ್ಯಾಯವಾದ ಆಧಾರ ದೊರೆಯುವುದು.

ಬಿಸಿಲು, ಎರೆಮಣ್ಣು, ಕೈ

ಯುರೋಪಿನ ತಂಪುನಾಡಿನಲ್ಲಿ ಹುಟ್ಟಿದ ರಚನೆಯನ್ನು ಹಾಗೆಯೇ ಎತ್ತಿ ತಂದರೆ ನಮ್ಮಲ್ಲಿ ಬಾಳದು. ಮೊದಲ ಶತ್ರು ಬಿಸಿಲು. ಬೇಸಗೆಯಲ್ಲಿ ಬಳ್ಳಾರಿಯ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಹೊದಿಕೆಯ ಕೆಳಗೆ ನಿಂತ ಲಾರಿಯೊಳಗೆ ಅದಕ್ಕಿಂತ ಹೆಚ್ಚು. ಪ್ಲಾಸ್ಟಿಕ್ಕು ಲೋಹದಂತಲ್ಲ, ಭಾರವನ್ನು ಹೊತ್ತು ಬಿಸಿಯಲ್ಲಿ ಬಹುಕಾಲ ನಿಂತರೆ, ಮುರಿಯದೆಯೇ, ಮೆಲ್ಲಮೆಲ್ಲನೆ ಬಾಗುತ್ತ ಹೋಗುತ್ತದೆ. ತಂಪಿನಲ್ಲಿ ಎಂಟರ ಪೇರಿಕೆಯನ್ನು ತಾಳುವ ಪೆಟ್ಟಿಗೆಗಳನ್ನು ಇಲ್ಲಿ ಆರರ ಪೇರಿಕೆಗೆ ನಿಲ್ಲಿಸುವುದು ಕ್ಷೇಮ. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಸಿಕ್ಕ ಪ್ಲಾಸ್ಟಿಕ್ಕು ವರ್ಷಗಳಲ್ಲಿ ಪೆಡಸಾಗಿ ಪುಡಿಯೇಳುವುದರಿಂದ ಅದನ್ನು ತಡೆಯುವ ದ್ರವ್ಯವನ್ನು ಎರಕದಲ್ಲಿಯೇ ಬೆರೆಸಿರಬೇಕು. ಅದು ಕಣ್ಣಿಗೆ ಕಾಣುವ ಗುಣವಲ್ಲವಾದುದರಿಂದ ಅಗ್ಗದ ಪೆಟ್ಟಿಗೆಯಲ್ಲಿ ಮೊದಲು ತಪ್ಪಿಹೋಗುವುದೂ ಅದೇ.

ಎರಡನೆಯ ಶತ್ರು ನಮ್ಮ ಎರೆಮಣ್ಣು. ಬೆಳೆಗೆ ತಾಯಿಯಾದ ಆ ಮಣ್ಣು ಕೀಲಿಗೆ ಮಲತಾಯಿ. ಹಸಿಯಾಗಿದ್ದಾಗ ಅಂಟಿನಂತೆ ಹೊಕ್ಕು, ಒಣಗಿದಾಗ ಕಲ್ಲಿನಂತೆ ಗಟ್ಟಿಯಾಗಿ, ಕೀಲಿನ ಗೂಡಿನಲ್ಲಿ ಕುಳಿತುಬಿಟ್ಟರೆ, ಗೋಡೆಯನ್ನು ಬಲವಂತದಿಂದ ಎತ್ತಿದ ಕೈಯಲ್ಲಿ ಉಳಿಯುವುದು ಮುರಿದ ಕಡ್ಡಿ. ಆದುದರಿಂದ ನಮ್ಮ ಪೆಟ್ಟಿಗೆಯ ಕೀಲು ಮುಚ್ಚಿದ ಗೂಡಾಗಿರದೆ, ಒಂದು ಕಡೆ ನೀರು ಹೊಯ್ದರೆ ಇನ್ನೊಂದು ಕಡೆ ಹರಿದುಹೋಗುವಂತೆ ತೆರೆದಿರಬೇಕು. ಕೀಲಿನ ಕಡ್ಡಿಯು ದಪ್ಪವಾಗಿಯೂ ಸಡಿಲವಾಗಿಯೂ ಇರಬೇಕು. ಮುರಿದ ಒಂದು ಗೋಡೆಯನ್ನು ಕಳಚಿ ಬೇರೊಂದನ್ನು ಊರಿನಲ್ಲಿಯೇ ಕೂಡಿಸಲು ಬರಬೇಕು. ಒಂದು ಕೊಂಡಿ ಮುರಿದುದಕ್ಕೆ ಇಡೀ ಪೆಟ್ಟಿಗೆಯನ್ನು ಗುಜರಿಗೆ ಹಾಕಿಸುವ ರಚನೆ ಬಡವನ ನಾಡಿಗೆ ತಕ್ಕುದಲ್ಲ.

ಮೂರನೆಯದು ಶತ್ರುವಲ್ಲ, ಯಜಮಾನ: ಕೆಲಸ ಮಾಡುವ ಕೈ ಮತ್ತು ಹೊರುವ ತಲೆ. ತೋಟದಿಂದ ರಸ್ತೆಯವರೆಗೆ ಪೆಟ್ಟಿಗೆಯನ್ನು ಹೊರುವವರು ಬಹುಮಟ್ಟಿಗೆ ಹೆಂಗಸರು. ಅವರು ಹೊರುವುದು ಸಿಂಬಿಯಿಟ್ಟ ತಲೆಯ ಮೇಲೆ. ಯುರೋಪಿನ ಪೆಟ್ಟಿಗೆಯ ತಳದಲ್ಲಿ ಬಲಕ್ಕಾಗಿ ಎಬ್ಬಿಸಿದ ಏಣುಗಳು ಯಂತ್ರದ ಉರುಳೆಗಳ ಮೇಲೆ ಸಲೀಸಾಗಿ ಸಾಗುತ್ತವೆ. ನಮ್ಮ ತಾಯಿಯರ ನೆತ್ತಿಗೆ ಒತ್ತುತ್ತವೆ. ತಳದ ನಡುಭಾಗ ನುಣುಪಾಗಿರಲಿ, ಬಲವೆಲ್ಲ ಅಂಚಿನಲ್ಲಿರಲಿ. ಹಿಡಿಯು ನಾಲ್ಕು ಬೆರಳು ಸಲೀಸಾಗಿ ಹೋಗುವಷ್ಟು ಅಗಲವಾಗಿದ್ದು, ಅದರ ಅಂಚು ಕೊಯ್ಯದಂತಿರಲಿ. ಕೊಂಡಿಯು ಬಲದಿಂದಲ್ಲ, ಮುಟ್ಟಿನಿಂದ ತಿಳಿಯುವಂಥದಾಗಿರಲಿ. ನಸುಗತ್ತಲೆಯಲ್ಲಿ ಕೆಲಸ ಮಾಡುವವನಿಗೆ ‘ಟಕ್’ ಎಂಬ ಸದ್ದೇ ಕೊಂಡಿ ಸರಿಯಾಗಿ ಕೂತುದರ ಸಾಕ್ಷಿ. ಗೋಡೆಗಳು ಒಳಕ್ಕೇ ಬಾಗಬೇಕು, ಹೊರಕ್ಕೆ ಬಾಗಬಾರದು. ಆಗ ಹಣ್ಣಿನ ರಾಶಿಯ ಒತ್ತಡ ಕೊಂಡಿಯನ್ನು ಬಿಚ್ಚುವ ಬದಲು ಗೋಡೆಯನ್ನು ತನ್ನ ತಡೆಗೆ ಒತ್ತಿ ಹಿಡಿಯುವುದು.

ಮರಳಿಸುವ ಧರ್ಮ

ಇಷ್ಟೆಲ್ಲ ಸರಿಯಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಪೆಟ್ಟಿಗೆ ಮರಳುವುದೆಂಬ ಭರವಸೆ ಏನು? ಚೆನ್ನಾದ ಪೆಟ್ಟಿಗೆಯನ್ನು ಯಾರೂ ಸುಲಭವಾಗಿ ಬಿಟ್ಟುಕೊಡರು. ಅದು ಹೋದ ಊರಿನಲ್ಲಿಯೇ ಕೋಳಿಗೂಡಾಗಿಯೋ ಪಾತ್ರೆ ಬೋರಲಿಡುವ ತಟ್ಟೆಯಾಗಿಯೋ ಹೊಸ ಸಂಸಾರ ಹೂಡುತ್ತದೆ. ಮಡಚುವ ಪೆಟ್ಟಿಗೆ ಸಾದಾ ಕ್ರೇಟಿಗಿಂತ ಬೆಲೆಯುಳ್ಳದ್ದು. ಹಲವಾರು ಸುತ್ತು ತಿರುಗಿದರೆ ಮಾತ್ರ ಹೂಡಿದ ಹಣ ಮರಳೀತು. ಒಬ್ಬೊಬ್ಬ ರೈತನೂ ತನ್ನ ತನ್ನ ಪೆಟ್ಟಿಗೆಯ ಬೆನ್ನುಹತ್ತಿ ಹೋಗುವುದು ಅಸಾಧ್ಯ. ಆದುದರಿಂದ ಒಡೆತನವು ಸಂಘದ್ದಾಗಿರಬೇಕು. ಪೆಟ್ಟಿಗೆಯನ್ನು ಒಯ್ಯುವ ಅಂಗಡಿಯವನು ಠೇವಣಿಯಿಡಬೇಕು. ಮರಳಿಸಿದೊಡನೆ ಠೇವಣಿ ಕೈಗೆ ಬರಬೇಕು. ಹಾಲಿನ ಕ್ರೇಟು ದಿನವೂ ತಪ್ಪದೆ ಡೇರಿಗೆ ಮರಳುವುದು ಅದರ ಹಿಂದೆ ಒಂದು ಸಹಕಾರಿ ಒಕ್ಕೂಟವಿರುವುದರಿಂದಲೇ ಹೊರತು ಪ್ಲಾಸ್ಟಿಕ್ಕಿನ ಮಹಿಮೆಯಿಂದಲ್ಲ. ಈ ವಿದ್ಯೆಯನ್ನು ಕಲಿಯಲು ನಾವು ಜರ್ಮನಿಗೆ ಹೋಗಬೇಕಾಗಿಲ್ಲ.

ಸಮೀಕ್ಷೆಯ ಸಾರವನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ಭತ್ತಕ್ಕೂ ಒಣಮೆಣಸಿನಕಾಯಿಗೂ ಚೀಲವೇ ಇರಲಿ. ಹಾಲಿಗೆ ಗಟ್ಟಿ ಕ್ರೇಟೇ ಇರಲಿ. ಅಂಜೂರಕ್ಕೂ ಬೇಗನೆ ಕೆಡುವ ತರಕಾರಿ ಹಣ್ಣುಗಳಿಗೂ 600ಕ್ಕೆ 400ರ ತಳ, 200ರ ಎತ್ತರ, ನಡುಹಲಗೆ, ತೆರೆದ ಕೀಲು, ನುಣುಪಾದ ತಳ, 20 ಕಿಲೊ ಮೀರದ ಹೊರೆ ಇವುಗಳುಳ್ಳ ಮಡಚುವ ಪೆಟ್ಟಿಗೆ ಬರಲಿ. ಅದರ ಒಡೆತನ ಬೆಳೆಗಾರರ ಸಂಘದ್ದಾಗಿರಲಿ. ಬಳ್ಳಾರಿಯಲ್ಲಿ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪನವರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ತೋಟಗಳಲ್ಲಿ ಹಣ್ಣಿದೆ, ಮಾರುಕಟ್ಟೆಯಲ್ಲಿ ಹೊರುವ ಕೈಗಳಿವೆ. ಇವರೆಲ್ಲ ಒಂದು ದಿನ ಒಂದೆಡೆ ಕೂಡಿ, ಕಾಗದದ ಮೇಲಿನ ಚಿತ್ರವನ್ನಲ್ಲ, ಮರದಲ್ಲಿ ಮಾಡಿದ ಒಂದು ಮಾದರಿಯನ್ನು ನಡುವೆಯಿಟ್ಟು, ಅದನ್ನು ತುಂಬಿ, ಹೊತ್ತು, ಮಡಚಿ ನೋಡಲಿ ಎಂಬುದೇ ನನ್ನ ಪ್ರಾರ್ಥನೆ. ಮೊದಲ ಮಾತು ಹಣ್ಣು ಕೀಳುವ ಹೆಂಗಸಿನದೂ ಎರಡನೆಯ ಮಾತು ಹಮಾಲನದೂ ಆಗಿರಲಿ. ಇಂಜಿನಿಯರರು ಮೂರನೆಯವರಾಗಿ ಮಾತನಾಡಲಿ.